ಗುಡುಗಕ್ಕ ಕೇಳಿದ ಯಂತ್ರದ ಹಾಡು

ನನ್ನ ಓರಗಿತ್ತಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಗುಡುಗಕ್ಕ ಎನ್ನುತ್ತಾರೆ. ತಗಡಿನ ಮುಚ್ಚಳ ಒತ್ತುವ ಪ್ರೆಸ್ಸಿನ ಮುಂದೆ ಅರ್ಧ ಆಯಸ್ಸು ಕೂತು ಅವಳ ಕಿವಿ ಮಂದವಾಗಿದೆ, ಗಂಟಲು ದೊಡ್ಡದಾಗಿದೆ. ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ ಕೇಳುತ್ತಾಳೆ. ನಾನು ಅವಳ ಪಕ್ಕದ ಪ್ರೆಸ್ಸಿನವಳು. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಸಾಲಿನಲ್ಲಿ ಕೂತು, ಒಬ್ಬರ ಮೇಲೊಬ್ಬರು ಹಲ್ಲು ಕಡಿದುಕೊಂಡೇ ಬದುಕಿದ್ದೇವೆ.

ಆ ವಾರ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಪ್ರೆಸ್ಸು ಕೆಳಗಿಳಿಯುವಾಗ ಕೈ ಒಳಗೆ ಹೋಗದಂತೆ ತಡೆಯುವ ಕಬ್ಬಿಣದ ಜಾಲರಿಯನ್ನು ಸೂಪರ್‌ವೈಸರ್ ಎಲ್ಲ ಯಂತ್ರಗಳಿಂದಲೂ ಬಿಚ್ಚಿಸಿದ್ದ. ಅದು ಏರಿಳಿಯುವುದರಲ್ಲಿ ಹೊತ್ತು ಹಾಳಾಗುತ್ತದಂತೆ. ಹೊತ್ತು ಅವನದು, ಬೆರಳು ನಮ್ಮವು. ಆದರೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಈ ಕೆಲಸ ಹೋದರೆ ಬೇರೆ ಯಾರು ಕೊಡುತ್ತಾರೆ? ಗುಡುಗಕ್ಕನೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ರಜೆಯ ದಿನ ಮಧ್ಯಾಹ್ನ, ಕಾಲೇಜಿಗೆ ಹೋಗುವ ಅವಳ ಮಗಳು ಸ್ಪೀಕರಿನಲ್ಲಿ ಏನೋ ಹಾಕಿದಳು. ಗಿಟಾರೋ ಗರಗಸವೋ ತಿಳಿಯದು. ಡ್ರಮ್ಮಿನ ಹಿಂದೆ ನಿಜವಾದ ಯಂತ್ರವೇ ಬಡಿಯುತ್ತಿತ್ತು. ಹಾಡುವವನು ಗಂಟಲು ಹರಿದುಕೊಳ್ಳುತ್ತಿದ್ದ.

“ವಾರವೆಲ್ಲ ಕೇಳೋದು ಸಾಲದು ಅಂತ ಮನೇಲೂ ಹಾಕಿದ್ದೀಯೇನೇ?” ಎಂದೆ.

“ಇದು ಇಂಡಸ್ಟ್ರಿಯಲ್ ಮೆಟಲ್ ಅನ್ನೋ ಸಂಗೀತ, ಚಿಕ್ಕಮ್ಮ. ಆಲ್ಬಮ್ಮಿಗೆಲ್ಲ ಒಂದೇ ಕತೆ. ಒಂದೂರಿನ ಜನ ಎಲ್ಲ ಒಂದು ದೊಡ್ಡ ಯಂತ್ರಕ್ಕೆ ದುಡೀತಾರೆ. ಅದರಲ್ಲಿ ಒಬ್ಬನ ಕತೆ.”

ಗುಡುಗಕ್ಕ ಒಳಗಿನಿಂದ ಬಂದಳು. ಆರಿಸು ಎನ್ನುತ್ತಾಳೆ ಅಂದುಕೊಂಡೆ. ಅವಳು ನೆಲದ ಮೇಲೆ ಕೂತು ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ನಾವು ಪ್ರೆಸ್ಸನ್ನು ಕೇಳುವುದೇ ಹಾಗೆ, ಅಂಗೈಯಲ್ಲಿ. ಸ್ವಲ್ಪ ಹೊತ್ತಿಗೆ ತಲೆಯಾಡಿಸತೊಡಗಿದಳು. “ಚೆನ್ನಾಗಿದೆ ಕಣೇ,” ಎಂದಳು. ಸಿನಿಮಾ ಹಾಡು ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ ಎನ್ನುವವಳು ಇವಳು.

ಮೂರೋ ನಾಲ್ಕೋ ಹಾಡಾದ ಮೇಲೆ ಬಡಿತ ಏರುತ್ತ ಹೋಗಿ ತಟ್ಟನೆ ನಿಂತಿತು. ಗುಡುಗಕ್ಕ ದಡಕ್ಕನೆ ಎದ್ದಳು. ನಾನೂ ಎದ್ದಿದ್ದೆ.

“ಯಾರ ಕೈ?” ಎಂದಳು.

ಮಗಳು ಪಿಳಿಪಿಳಿ ನೋಡಿದಳು. ಓಡುವ ಪ್ರೆಸ್ಸು ನಡುವೆ ನಿಂತರೆ ನಮ್ಮ ಬಾಯಿಗೆ ಮೊದಲು ಬರುವ ಮಾತು ಅದೇ. ಅದನ್ನು ಕೇಳುವಷ್ಟರಲ್ಲಿ ಕಾಲು ಓಡಿರುತ್ತದೆ.

“ಅವನದೇ, ಅಮ್ಮ. ಈ ಹಾಡಲ್ಲೇ ಅವನ ಕೈ ಹೋಗುತ್ತೆ.”

ಅಷ್ಟರಲ್ಲಿ ಬಡಿತ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

“ಈಗ್ಯಾಕೆ ಓಡ್ತಿದೆ?”

“ಅವನ ಜಾಗಕ್ಕೆ ಇನ್ನೊಬ್ಬನ್ನ ನಿಲ್ಲಿಸಿದ್ರು.”

“ಉಳಿದವರು?”

“ಸುಮ್ನೆ ಕೆಲಸ ಮಾಡ್ತಾರೆ. ಕೊನೇವರೆಗೂ ಅಷ್ಟೇ.”

ಸೊಂಟದ ಮೇಲೆ ಕೈಯಿಟ್ಟು ನಿಂತೇ ಅವಳು ಪೂರ್ತಿ ಕೇಳಿದಳು. ಮುಗಿದ ಮೇಲೆ ಸ್ಪೀಕರಿಗೇ ಬೈದಳು: “ಥೂ, ಊರಿಗೆ ಊರೇ ಇದ್ದು ಒಬ್ಬರಿಗೂ ಬಾಯಿ ಇರ್ಲಿಲ್ವಾ?” ಆಮೇಲೆ ನನ್ನ ಮುಖ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಅವಳ ಬಾಯಿಯೂ ಅಷ್ಟು ದಿನ ಮುಚ್ಚಿಯೇ ಇತ್ತಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಪ್ರೆಸ್ಸುಗಳೂ ಓಡಿದವು, ಅವಳದೊಂದು ಬಿಟ್ಟು. ಸೂಪರ್‌ವೈಸರ್ ಬಂದು ಏನು ಎಂದು ಸನ್ನೆ ಮಾಡಿದ.

“ಜಾಲರಿ ಹಾಕ್ಸಿ. ಆಮೇಲೆ ಕೂರ್ತೀನಿ.” ಅಷ್ಟು ಸದ್ದಿನಲ್ಲೂ ಆ ಮಾತು ಆಚೆ ಗೋಡೆಯವರೆಗೆ ಹೋಯಿತು.

ಅವನೂ ಕೂಗಿದ: “ಆಗಲ್ಲ ಅಂದ್ರೆ ಮನೆಗೆ ಹೋಗಮ್ಮ. ನಿನ್ನ ಬಿಟ್ರೆ ಜನ ಇಲ್ವಾ?”

“ಹೋಗಲ್ಲ. ಎರಡು ಕೈ ತಗೊಂಡು ಬಂದಿದ್ದೀನಿ, ಸಂಜೆ ಎರಡನ್ನೂ ತಗೊಂಡೇ ಹೋಗೋದು.”

ಅವನು ನನ್ನ ಕಡೆ ತಿರುಗಿ, ಅವಳ ಸ್ಟೂಲು ತೋರಿಸಿ, ಬಾ ಎಂದು ಕರೆದ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಮನೆಯಲ್ಲಿ ಇಬ್ಬರ ಕೆಲಸವೂ ಒಟ್ಟಿಗೆ ಹೋದರೆ ಒಲೆ ಹೇಗೆ ಉರಿಯುತ್ತದೆ? ಗುಡುಗಕ್ಕ ನನ್ನತ್ತ ನೋಡಲೇ ಇಲ್ಲ. ನೋಡಿ ಒತ್ತಾಯ ಮಾಡಿದ್ದರೆ ಜೀವಮಾನವಿಡೀ ಅದನ್ನೇ ಹಿಡಿದು ಜಗಳವಾಡುತ್ತಿದ್ದೆ.

ಓಡುತ್ತಿದ್ದ ನನ್ನ ಪ್ರೆಸ್ಸನ್ನು ಆರಿಸಿ ಎದ್ದು ನಿಂತೆ. ಪಕ್ಕದ ಯಂತ್ರ ನಡುವೆ ನಿಂತರೆ ನೆಲದಲ್ಲೇ ಗೊತ್ತಾಗುತ್ತದೆ. ಸಾಲಿನವರೆಲ್ಲ ತಂತಮ್ಮ ಪ್ರೆಸ್ಸು ಆರಿಸಿ, ಬಣ್ಣಗೆಟ್ಟ ಮುಖದಲ್ಲಿ ಓಡಿಬಂದರು. ನಾನು ಎರಡೂ ಕೈ ಎತ್ತಿ ತೋರಿಸಿದೆ. “ಇನ್ನೂ ಇವೆ. ಜಾಲರಿ ಬರೋವರೆಗೂ ನಾನೂ ಕೂರಲ್ಲ.”

“ಹೋಗಿ, ಕೆಲಸ ನೋಡಿ,” ಎಂದ ಸೂಪರ್‌ವೈಸರ್. ಯಾರೂ ಕದಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜಾಲರಿಗಳು ಬಂದವು. ಮೊದಲನೆಯದನ್ನು ಅವನೇ ಬಗ್ಗಿ, ಬೆವರು ಸುರಿಸಿಕೊಂಡು ಕೂರಿಸಿದ. ಗುಡುಗಕ್ಕ ಪಕ್ಕದಲ್ಲೇ ನಿಂತು ಅಂಗೈಯಲ್ಲಿ ಅಲ್ಲಾಡಿಸಿ ನೋಡಿದಳು.

“ಇನ್ನೂ ಸ್ವಲ್ಪ ಬಿಗಿ ಮಾಡಿ,” ಎಂದಳು.