ಎಡಗಡೆಗೆ ವಾಟ

ಗಾರೆ ಕೆಲಸದವರ ಬಾಯಲ್ಲಿ ಅವನು ರಸಮಟ್ಟ. ಗಾಜಿನ ನಳಿಗೆಯೊಳಗೆ ಗುಳ್ಳೆಯೊಂದು ಅತ್ತಿತ್ತ ಓಡಾಡುವ ಆ ಉಪಕರಣವನ್ನು ಅವನು ಮಲಗುವಾಗಲೂ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾನೆಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಅವನು ಹಾಕಿದ ನೆಲದ ಮೇಲೆ ಗೋಲಿ ಬಿಟ್ಟರೆ ಬಿಟ್ಟಲ್ಲೇ ನಿಲ್ಲಬೇಕು, ಇಲ್ಲವಾದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅಂಥವನು ಈಗ ತನ್ನದೇ ಮನೆಯಲ್ಲಿ, ಹೆಂಡತಿಯ ಮಂಚದ ಪಕ್ಕ ಬೋರಲು ಬಿದ್ದು, ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡು, ಮೀನಿನ ತೊಟ್ಟಿ ಇಡುವ ಸ್ಟ್ಯಾಂಡಿನ ಕಾಲಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ.

"ಒಂಚೂರು ಸೊಟ್ಟ ಇದ್ರೆ ಏನಾಗುತ್ತಪ್ಪ? ಮೀನು ಬಂದು ಜಗಳ ಆಡುತ್ತಾ?" ಅಂದಳು ಮಗಳು, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಮೀನು ಆಡಲ್ಲ, ಗಾಜು ಆಡುತ್ತೆ. ನೀರಿನ ಭಾರ ಎಲ್ಲಾ ಒಂದೇ ಮೂಲೆಗೆ ಬಿದ್ರೆ ಇವತ್ತಲ್ಲ ನಾಳೆ ಫಟ್ ಅನ್ನುತ್ತೆ. ನಿಮ್ಮಮ್ಮನ ಕಣ್ಣೆದುರಿಗೇ."

ಮಗಳು ಅಡುಗೆಮನೆಯೊಳಕ್ಕೆ ಮರಳಿದಳು. ಅಮ್ಮನ ಕಣ್ಣಿನ ಮಾತು ಬಂದರೆ ಆ ಮನೆಯಲ್ಲಿ ಯಾರೂ ವಾದ ಬೆಳೆಸುತ್ತಿರಲಿಲ್ಲ.

ಅವಳ ಕಣ್ಣಿಗೆ ಏನೂ ಆಗಿರಲಿಲ್ಲ, ಅದೇ ವಿಚಿತ್ರ. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದಾಗ, ಜೊತೆಗೆ ಎಡಗಡೆಯೆಂಬ ದಿಕ್ಕೇ ಅವಳಿಗೆ ಕಳೆದುಹೋಗಿತ್ತು. ತಟ್ಟೆಯ ಬಲಭಾಗದಲ್ಲಿ ಇದ್ದುದನ್ನಷ್ಟೇ ತಿಂದು, ಉಳಿದರ್ಧ ಹಾಗೇ ಇರುವಾಗ "ಇನ್ನೊಂಚೂರು ಹಾಕ್ರೀ" ಅನ್ನುತ್ತಿದ್ದಳು. ಗಂಡ ಎಡಗಡೆ ನಿಂತು ಮಾತಾಡಿಸಿದರೆ ಬಲಗಡೆಯ ಗೋಡೆಗೆ ಉತ್ತರ ಕೊಡುತ್ತಿದ್ದಳು. ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಗಸು ತನ್ನ ಮುಖಕ್ಕೆ ಹೇಳಬೇಕಾದ್ದನ್ನು ಸುಣ್ಣದ ಗೋಡೆಗೆ ಹೇಳುವುದನ್ನು ಕೇಳಿ ನೋಡಿ, ಆಗ ಗೊತ್ತಾಗುತ್ತದೆ.

ವ್ಯಾಯಾಮ ಮಾಡಿಸಲು ಬರುವ ಹೆಂಗಸು ಒಂದು ಮಾತು ಹೇಳಿ ಹೋಗಿದ್ದಳು. "ಓಡಾಡೋದು, ಮಿನುಗೋದು ಏನಾದ್ರೂ ಎಡಗಡೆ ಇಡಿ ಯಜಮಾನ್ರೇ. ನೀವು ಹಿಡಿದು ತಿರುಗಿಸಬಾರದು, ಅವರಾಗೇ ತಿರುಗಬೇಕು. ಈಗ ತಿರುಗಿದ್ರೆ ತಿರುಗಿದ್ರು. ಬಿಟ್ರೆ ಆ ಕಡೆ ಪೂರ್ತಿ ಮರೆತೇಹೋಗುತ್ತೆ."

ಅದಕ್ಕೇ ಮೀನಿನ ತೊಟ್ಟಿ. ಆದರೆ ಎಡಗಡೆಯ ನೆಲ ಬಚ್ಚಲ ಕಡೆಗೆ ಜಾರಿಕೊಂಡಿತ್ತು. ಹಾಗೆ ಜಾರಿಸಿದವನು ಬೇರೆ ಯಾರೂ ಅಲ್ಲ, ಅವನೇ.

ಮನೆ ಕಟ್ಟಿದ ಹೊಸದರಲ್ಲಿ ಅವನು ಗೋಲಿ ನಿಲ್ಲುವಂಥ ನೆಲವನ್ನೇ ಹಾಕಿದ್ದ. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಹೆಂಡತಿಗೆ ಮಾತ್ರ ಅದು ಶತ್ರು. ನೆಲ ತೊಳೆದರೆ ನೀರು ಅಲ್ಲೇ ನಿಲ್ಲುತ್ತಿತ್ತು. ಕುಕ್ಕರುಗಾಲಲ್ಲಿ ಕೂತು ಬಟ್ಟೆಯಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿ, ಅವಳ ಸೊಂಟ ಬಿದ್ದುಹೋಗುತ್ತಿತ್ತು. "ಕಂಡವರ ಬಚ್ಚಲಿಗೆಲ್ಲ ವಾಟ ಕೊಡ್ತೀರಿ, ನನ್ನ ನೆಲಕ್ಕೆ ಮಾತ್ರ ಕೊಡಲ್ಲ" ಎಂದು ಗೊಣಗುತ್ತಿದ್ದಳು. ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರೇ ವಾಟ. ವಾಸದ ಕೋಣೆಗೆ ವಾಟ ಕೊಡುವುದೆಂದರೆ ಅವನ ಲೆಕ್ಕದಲ್ಲಿ ಮಾನ ಕಳೆದುಕೊಂಡಂತೆ. ಜಪ್ಪಯ್ಯ ಅಂದರೂ ಅವನು ಜಗ್ಗಲಿಲ್ಲ. ಕೊನೆಗೆ ಪೈಪು ಒಡೆದು ನೆಲ ಅಗೆಯಬೇಕಾಗಿ ಬಂದಾಗ ಅವಳ ಸೊಂಟ ನೋಡಿ ಮನಸ್ಸು ಕರಗಿತು. ಕೊಟ್ಟ ನೋಡಿ ವಾಟ, ಇಷ್ಟು ದಿನದ ತಪ್ಪಿಗೆ ಬಡ್ಡಿ ಸೇರಿಸಿ! ಅವಳು ಬಾಗಿಲ ಹತ್ತಿರ ಒಂದು ತಂಬಿಗೆ ನೀರು ಸುರಿದು, ಅದು ಕೋಣೆಯುದ್ದಕ್ಕೂ ಹರಿದು ಬಚ್ಚಲು ಸೇರುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದ್ದಳು. "ನೋಡ್ರೀ, ಅದಾಗೇ ಹೋಗುತ್ತೆ!" ಎಂದು ಚಪ್ಪಾಳೆ ತಟ್ಟಿ ನಕ್ಕಿದ್ದಳು. ರಸಮಟ್ಟನ ಮನೆಯ ನೆಲವೇ ಸೊಟ್ಟ ಎಂದು ಜೊತೆಯವರು ಆಡಿಕೊಂಡರು. ಆಡಿಕೊಳ್ಳಲಿ ಬಿಡು ಅಂದುಕೊಂಡಿದ್ದ.

ಈಗ ಆ ವಾಟ ಅವನನ್ನು ಆಟ ಆಡಿಸುತ್ತಿತ್ತು. ಮೊದಲು ಮಗಳ ಮಾತು ಕೇಳಿ ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ತಗ್ಗಿನ ಕಾಲುಗಳಿಗೆ ಒತ್ತು ಕೊಟ್ಟ. ಖಾಲಿ ಇದ್ದಾಗ ಗುಳ್ಳೆ ನಡುವೆ ನಿಂತಿತು. ಅರ್ಧ ನೀರು ತುಂಬುವಷ್ಟರಲ್ಲಿ ಅಟ್ಟೆ ಅಪ್ಪಚ್ಚಿಯಾಗಿ ತೊಟ್ಟಿ ಬಚ್ಚಲ ಕಡೆ ವಾಲಿತು. ತುಂಬಿದ ನೀರನ್ನೆಲ್ಲ ಮೊಗೆದು ತೆಗೆದ. ಆಮೇಲೆ ಹಂಚಿನ ಚೂರು. ಅದು ಉದ್ದಕ್ಕೆ ಸರಿಹೋದರೆ ಅಡ್ಡಕ್ಕೆ ತಪ್ಪುತ್ತಿತ್ತು, ಅಡ್ಡಕ್ಕೆ ಕೂರಿಸಿದರೆ ಒಂದು ಕಾಲು ಗಾಳಿಯಲ್ಲಿ ತೇಲುತ್ತಿತ್ತು. ಜೀವನವೆಲ್ಲ ನೆಲದ ಮೇಲೆ ಊರಿ ಊರಿ ಮಂಡಿಗಳು ಸವೆದಿದ್ದವು. ಏಳಬೇಕಾದರೆ ಮಂಚದ ಕಾಲು ಹಿಡಿಯಬೇಕು, ಮಂಚ ಅಲುಗಿದರೆ ಅವಳು ಗೋಡೆಯನ್ನು "ಯಾರದು?" ಎಂದು ಕೇಳುತ್ತಿದ್ದಳು.

ಅಂತೂ ಇಂತೂ ಟೈಲ್ಸಿನ ಚೂರುಗಳನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೆಳುಮಾಡಿ, ಒಂದೊಂದು ಕಾಲಿಗೆ ಒಂದೊಂದು ದಪ್ಪದ್ದನ್ನು ಕೂರಿಸಿದ. ನೀರು ತುಂಬಿದ ಮೇಲೂ ಗುಳ್ಳೆ ಕದಲಲಿಲ್ಲ. ಕೆಂಪು ಮೀನುಗಳನ್ನು ಬಿಟ್ಟು, ದೀಪ ಹಾಕಿ, ಅಂಗಿಯ ತುದಿಯಲ್ಲಿ ಗಾಜು ಒರೆಸಿ, ತೊಟ್ಟಿಯ ಪಕ್ಕದಲ್ಲೇ ನಿಂತ.

"ಏ ಇವಳೇ, ಮೀನು ಬಂದಿದೆ ನೋಡು."

"ಎಲ್ರೀ?" ಅವಳ ಕಣ್ಣು ಬಲಗಡೆಯ ಗೋಡೆಯ ಮೇಲೆಲ್ಲ ಹುಡುಕಾಡಿತು.

"ಇಲ್ಲಿ, ಎಡಗಡೆ. ನಾನು ನಿಂತಿದ್ದೀನಲ್ಲ, ಅಲ್ಲೇ."

ಅವಳು ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿದಳು. ಗಂಡ ಪಾಪ ಕಷ್ಟಪಟ್ಟಿದ್ದಾನೆಂದು ಅವಳಿಗೆ ಗೊತ್ತಿತ್ತು. "ನೋಡ್ದೆ. ಚೆನ್ನಾಗಿದೆ ಕಣ್ರೀ" ಅಂದಳು.

ಮೀನುಗಳು ತಮ್ಮ ಪಾಡಿಗೆ ಮಟ್ಟವಾದ ನೀರಿನಲ್ಲಿ ಓಡಾಡಿಕೊಂಡಿದ್ದವು. ದಿನಗಳು ಉರುಳಿದವು, ಅವಳು ಒಂದು ಸಲವೂ ತಿರುಗಲಿಲ್ಲ. ಅವನು ಮಾತ್ರ ತೊಟ್ಟಿಯ ನೀರು ತಗ್ಗಿದಾಗಲೆಲ್ಲ ತುಂಬುತ್ತಿದ್ದ, ಇನ್ನೇನು ಮಾಡಬೇಕೋ ತಿಳಿಯದೆ.

ಹಾಗೊಂದು ಮಧ್ಯಾಹ್ನ ಅಡುಗೆಮನೆಯಿಂದ ಕೊಡ ಹಿಡಿದು ಬರುವಾಗ, ಮಂಚದ ಬಲಗಡೆಯಲ್ಲೇ ಮಂಡಿ ಕೈಕೊಟ್ಟಿತು. ಕೊಡ ಉರುಳಿ ನೀರೆಲ್ಲ ನೆಲದ ಪಾಲು. ತೊಟ್ಟಿಗೆ ಗಾಳಿ ಊದುವ ಪಂಪನ್ನು ಸಿಕ್ಕಿಸಿದ್ದ ಕರೆಂಟಿನ ಬೋರ್ಡು ಎಡಗಡೆ ನೆಲದ ಮೇಲೇ ಬಿದ್ದಿದ್ದು ಅವನಿಗೆ ನೆನಪಾಯಿತು. ನೋವು ಮರೆತು ಎದ್ದು, ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ, ಬೋರ್ಡು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಒರೆಸಲು ಬಟ್ಟೆ ಹಿಡಿದು ನಿಂತ. ನೀರು ಮಂಚದ ಕಾಲುದೆಸೆಯಲ್ಲಿ ಬಿಸಿಲಿಗೆ ಹೊಳೆಯುತ್ತ ಹರಿದು ಬಂದು ಅವನ ಪಾದ ಮುಟ್ಟಿತು.

ತಲೆ ಎತ್ತಿದರೆ, ಅವಳು ಅವನನ್ನೇ ನೋಡುತ್ತಿದ್ದಳು. ನೀರಿನ ಹಿಂದೆಯೇ ಅವಳ ಕಣ್ಣೂ ಬಂದುಬಿಟ್ಟಿತ್ತು, ಪಾದದಿಂದ ಮೇಲೇರಿ ಮುಖದ ಮೇಲೆ ನಿಂತಿತ್ತು.

"ಬಟ್ಟೆ ಯಾಕ್ರೀ?" ಅಂದಳು. "ಬಿಡಿ. ಅದಾಗೇ ಹೋಗುತ್ತೆ."

ಅವನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೊನೆಯ ನೀರು ಬಚ್ಚಲಿಗೆ ಇಳಿಯಿತು, ಅವಳ ಕಣ್ಣು ಮೆಲ್ಲಗೆ ಗೋಡೆಗೆ ಮರಳಿತು.

ಅವನು ತಂಬಿಗೆ ತುಂಬಿ ತಂದ. ಬಲಗಡೆ ಸುರಿದು ಎಡಗಡೆಗೆ ಕುಂಟುತ್ತ ನಡೆದ. ಅಲ್ಲಿಗೆ ಮುಟ್ಟುವ ಮೊದಲೇ ನೀರು ಹೋಗಿಯಾಗಿತ್ತು. ಮತ್ತೆ ತಂದ, ಮತ್ತೆ ಸುರಿದ, ಬೇಗ ನಡೆದ. ತಾನೇ ಕೊಟ್ಟ ವಾಟದ ಮುಂದೆ ತನ್ನ ಮಂಡಿಗಳ ಆಟ ನಡೆಯಲಿಲ್ಲ. ಅವಳು ನೋಡಿದಳೋ ಇಲ್ಲವೋ, ನೋಡಿದ್ದರೂ ಅಲ್ಲಿ ಅವನಿರಲಿಲ್ಲ.

"ಅಪ್ಪ, ಏನ್ ಮಾಡ್ತಿದ್ದೀರಾ? ಮನೆಯೆಲ್ಲಾ ನೀರು!" ಮಗಳು ಗಾಬರಿಯಿಂದ ಓಡಿಬಂದಳು.

ಅವನು ತಂಬಿಗೆಯನ್ನು ಅವಳ ಕೈಗೆ ಕೊಟ್ಟ. "ನೀನು ಇಲ್ಲಿಂದ ಸುರಿಯಮ್ಮ. ನಾನು ಅಲ್ಲಿ ನಿಂತ್ಕೋತೀನಿ. ನಿಮ್ಮಮ್ಮ ಒಂದು ಸಲ ನನ್ನನ್ನ ನೋಡಿದ್ಲು."

ಮಗಳು ಸುರಿದಳು. ಅವನು ತೊಟ್ಟಿಯ ಪಕ್ಕ ನಿಂತು ಕೂದಲು ಸರಿಮಾಡಿಕೊಂಡ. ನೀರು ಹೊರಟಿತು, ಹೆಂಡತಿಯ ಕಣ್ಣೂ ಜೊತೆಗೆ ಹೊರಟಿತು. ಮಂಚದ ನಡುವಿನವರೆಗೆ ಬಂದು ನಿಂತಿತು. ನೀರು ಮಾತ್ರ ಅವನ ಪಾದ ಮುಟ್ಟಿ, ದಾಟಿ ಹೋಯಿತು.

"ಇನ್ನೊಂದು ತಂಬಿಗೆ" ಅಂದ ಅವನು.