ರಸ್ತೆ ದಾಟಲು ಬರೆದ ಅರ್ಜಿ

ಪುಟ್ಟಿ, ಚಿನ್ನು,

ನಮ್ಮ ಬೀದಿಯ ತುದಿಯ ದೊಡ್ಡ ರಸ್ತೆಯಲ್ಲಿ ನಡೆದು ದಾಟುವವರಿಗೆ ದೀಪ ಹತ್ತಿದರೆ ಅದು ಬೇಗ ಆರುವುದಿಲ್ಲ. ಕಾರಿನಲ್ಲಿ ಕಾಯುವಾಗ ನಿಮ್ಮ ಅಪ್ಪ, "ಈ ಸಿಗ್ನಲ್ಲು ಯಾಕಪ್ಪಾ ಇಷ್ಟು ಲಾಂಗು" ಎಂದು ಗೊಣಗುವುದನ್ನು ನೀವು ಕೇಳಿದ್ದೀರಿ. ಅದು ಹಾಗಾದದ್ದು ನನ್ನಿಂದ. ನಿಮಗೆ ಇದನ್ನು ಯಾರೂ ಹೇಳಿಲ್ಲ. ನಾನು ಎದುರಿಗೆ ಕೂತು ಹೇಳುವವಳಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮರುವರ್ಷ ನಿಮ್ಮ ಅಮ್ಮ ನನ್ನನ್ನು ಇಲ್ಲಿಗೆ, ಅಮೆರಿಕಕ್ಕೆ, ಕರೆತಂದಳು. ಇಲ್ಲಿ ಕಂಪ್ಯೂಟರ್ ಕಂಪನಿಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದ ಕಾಲ ಅದು. ಬೆಳಿಗ್ಗೆ ಏಳಕ್ಕೆ ನಿಮ್ಮ ಅಮ್ಮ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೊರಡುತ್ತಿದ್ದಳು. ನಿಮ್ಮ ಅಪ್ಪ ನಿಮ್ಮಿಬ್ಬರನ್ನು ಶಾಲೆಗೆ ಬಿಟ್ಟು ರೈಲು ಹಿಡಿಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ನೀವು ಡೇಕೇರಿನಲ್ಲಿದ್ದು ಆರಕ್ಕೆ ಬರುತ್ತಿದ್ದಿರಿ. ಅಲ್ಲಿಯವರೆಗೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜು. ಅದರ ಗುಯ್‌ಗುಡುವಿಕೆ ನಿಂತರೆ ಜೊತೆಗಿದ್ದ ಯಾರೋ ಎದ್ದುಹೋದಂತೆ ಆಗುತ್ತಿತ್ತು. ಅಳಿಯನ ಮನೆಯಲ್ಲಿ ಉಳಿದಿದ್ದೇನೆ ಎಂಬ ಸಂಕೋಚ ಬೇರೆ. ಚಳಿಯಾದರೂ ಹೀಟರು ಹಾಕುತ್ತಿರಲಿಲ್ಲ, ಎರಡು ಸ್ವೆಟರು ಹಾಕಿಕೊಳ್ಳುತ್ತಿದ್ದೆ.

ದೊಡ್ಡ ರಸ್ತೆಯ ಆಚೆ ಒಂದು ಪಾರ್ಕಿದೆ. ಒಂದು ಮಧ್ಯಾಹ್ನ ಅಲ್ಲಿ ಬೆಂಚಿನ ಮೇಲೆ ಸೀರೆ ಉಟ್ಟ ಹೆಂಗಸೊಬ್ಬರು ಮೊಮ್ಮಗುವನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಕೂತಿದ್ದರು. ಕಾಲಿನಲ್ಲಿ ಮಗನ ಹಳೆಯ ಶೂ. ನಾನು ಹೋಗಿ ಮಾತಾಡಿಸುವವಳಲ್ಲ. ದೂರದ ಬೆಂಚಿನಲ್ಲಿ ಕೂತೆ. ಅವರೇ ಕೂಗಿದರು.

"ಅಕ್ಕಾ, ಕನ್ನಡದೋರಾ? ಸೀರೆ ನೆರಿಗೆ ನೋಡಿದ್ರೇ ಗೊತ್ತಾಯ್ತದೆ, ಬನ್ನಿ ಇತ್ತಕಡೆ!"

ಅವರು ಮಂಡ್ಯದ ಕಡೆಯವರು, ನಾನು ಹಾಸನದ ಕಡೆಯವಳು. ಅವರ ಮಗನ ಅಪಾರ್ಟ್‌ಮೆಂಟು ಪಾರ್ಕಿನ ಹಿಂದೆಯೇ ಇತ್ತು. ಅಂದಿನಿಂದ ದಿನಾ ನಾಲ್ಕು ಗಂಟೆಗೆ ನಾನು ರಸ್ತೆ ದಾಟುತ್ತಿದ್ದೆ. ಆ ಒಂದು ಗಂಟೆಗಾಗಿ ಬೆಳಿಗ್ಗೆಯಿಂದ ಕಾಯುತ್ತಿದ್ದೆ.

ನನ್ನ ಮಂಡಿ ನೋವು ನಿಮಗೆ ಗೊತ್ತೇ ಇದೆ. ಆ ಚಳಿಗಾಲ ಅದು ಹೆಚ್ಚಾಯಿತು. ಒಂದು ದಿನ ರಸ್ತೆಯ ನಡುವೆ ಇರುವಾಗಲೇ ದೀಪ ಬದಲಾಯಿತು. ಮಧ್ಯದ ಕಿರಿದಾದ ಕಟ್ಟೆಯ ಮೇಲೆ ನಿಂತೆ. ಮುಂದೆ ಮೂರು ಸಾಲು, ಹಿಂದೆ ಮೂರು ಸಾಲು ಕಾರು. ಗಾಳಿಗೆ ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು. ನಿಮ್ಮ ಅಮ್ಮನ ಜೊತೆ ಕೆಲಸ ಮಾಡುವವಳೊಬ್ಬಳು ಅದೇ ಹೊತ್ತಿಗೆ ಕಾರಿನಲ್ಲಿ ಹೋಗುತ್ತಿದ್ದಳಂತೆ. ನಾನು ಹೇಳುವ ಮೊದಲೇ ಸುದ್ದಿ ನಿಮ್ಮ ಅಮ್ಮನಿಗೆ ಮುಟ್ಟಿತು. ಸಂಜೆ ಮನೆಗೆ ಬಂದವಳೇ ಅಂದಳು:

"ಅಮ್ಮಾ, ಇನ್ಮೇಲೆ ಒಬ್ಬಳೇ ಆ ರಸ್ತೆ ದಾಟಕೂಡದು. ನನ್ನಾಣೆ."

ಆಣೆ ಇಟ್ಟ ಮೇಲೆ ಮುಗಿಯಿತು. ಮಗು ಇರುವುದರಿಂದ ಆ ಮಂಡ್ಯದವರೂ ಈಚೆಗೆ ಬರುವಂತಿರಲಿಲ್ಲ, ಅವರ ಮಗ ಬಿಡುತ್ತಿರಲಿಲ್ಲ. ಫೋನು ಮಾಡಿದರೆ ಅವರ ಮನೆಯ ಲೈನಿನಲ್ಲಿ ಸೊಸೆಯ ಇಂಟರ್‌ನೆಟ್ಟು, ಯಾವಾಗಲೂ ಎಂಗೇಜು. ಒಂದು ಭಾನುವಾರ ನಿಮ್ಮ ಅಮ್ಮ ನನ್ನನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದಳು. ಮಗ, ಸೊಸೆ ಎದುರಿಗೆ ಕೂತಿದ್ದರು. ನಾವಿಬ್ಬರೂ ನೆಂಟರ ಹಾಗೆ ಚಕ್ಕುಲಿ ತಿಂದು ಎದ್ದೆವು. ಕೊನೆಗೆ ದಿನಾ ನಾಲ್ಕು ಗಂಟೆಗೆ ನಾನು ಈಚೆಯ ಕಂಬದ ಹತ್ತಿರ, ಅವರು ಆಚೆಯ ಕಂಬದ ಹತ್ತಿರ ನಿಂತು ಕೈ ಬೀಸಿ ಒಳಗೆ ಹೋಗುವುದು ರೂಢಿಯಾಯಿತು. ಇದನ್ನು ನಾನು ನಿಮ್ಮ ಅಮ್ಮನಿಗೆ ಹೇಳಲಿಲ್ಲ.

ಹೀಗಿರುವಾಗ ಟಪಾಲಿನಲ್ಲಿ ಒಂದು ಕಾರ್ಡು ಬಂತು. ಅದರಲ್ಲೊಬ್ಬ ಹೆಂಗಸಿನ ಫೋಟೋ. ಯಾರು ಎಂದು ನಿಮ್ಮ ಅಮ್ಮನನ್ನು ಕೇಳಿದೆ.

"ಇವರು ನಮ್ಮ ಏರಿಯಾದಿಂದ ಸ್ಟೇಟ್ ಅಸೆಂಬ್ಲಿಗೆ ಹೋಗಿರೋರು. ನಮ್ಮೂರ ಎಮ್ಮೆಲ್ಲೆ ಥರ. ಶನಿವಾರ ಲೈಬ್ರರೀಲಿ ಕೂತಿರ್ತಾರಂತೆ, ಏನಾದ್ರೂ ತೊಂದ್ರೆ ಇದ್ರೆ ಹೇಳ್ಕೊಳ್ಳಿ ಅಂತ."

ನಿಮ್ಮ ತಾತ ಹಳ್ಳಿಯ ಮೇಷ್ಟರು. ಸಂಜೆ ಜಗಲಿಯಲ್ಲಿ ಕೂತು ಊರಿನವರಿಗೆಲ್ಲ ಎಮ್ಮೆಲ್ಲೆಗೆ ಕೊಡುವ ಅರ್ಜಿ ಬರೆದುಕೊಡುತ್ತಿದ್ದರು. ಅವರದೊಂದು ನಿಯಮವಿತ್ತು. "ಅರ್ಜೀಲಿ 'ನನಗೆ' ಅಂತ ಬರೀಬಾರದು ಕಣೇ, 'ಊರಿಗೆ' ಅಂತ ಬರೀಬೇಕು. ಒಬ್ಬನ ಕಷ್ಟ ಯಾರಿಗೂ ಬೇಡ." ನಮ್ಮ ಮನೆಯ ಮುಂದೆ ಬೋರ್‌ವೆಲ್ ಬೇಕಾದಾಗ ಅವರು ಬರೆದದ್ದು ಪಕ್ಕದ ಮಾರಮ್ಮನ ಗುಡಿಗೆ ಬರುವ ಭಕ್ತಾದಿಗಳ ಅನುಕೂಲಕ್ಕಾಗಿ ಎಂದು. ಬೋರ್‌ವೆಲ್ ಬಂತು. ವರ್ಷಕ್ಕೊಮ್ಮೆ ಭಕ್ತಾದಿಗಳೂ ಬಂದರು.

ನಾನೂ ಹಾಗೇ ಬರೆದೆ. ಏಳನೇ ತರಗತಿಯ ಕನ್ನಡ, ಮೂರು ದಿನ ಹಿಡಿಯಿತು. ಮಾನ್ಯ ಶಾಸಕರ ಸನ್ನಿಧಾನಕ್ಕೆ, ದೊಡ್ಡ ರಸ್ತೆಯಲ್ಲಿ ದಾಟುವ ದೀಪ ಬೇಗ ಆರುವುದರಿಂದ ಶಾಲಾ ಮಕ್ಕಳಿಗೂ ಸಮಸ್ತ ನಾಗರಿಕರಿಗೂ ಬಹಳ ತೊಂದರೆಯಾಗಿದೆ, ದಯಮಾಡಿ ಸಮಯ ಹೆಚ್ಚಿಸಬೇಕು, ಇಂತಿ ತಮ್ಮ ವಿಧೇಯಳು. ನನ್ನ ಮಂಡಿಯ ಮಾತಿಲ್ಲ, ಬೆಂಚಿನ ಮಾತಿಲ್ಲ.

ಶನಿವಾರ ಲೈಬ್ರರಿಗೆ ಹೋದೆವು. ಪೊಲೀಸರಿಲ್ಲ, ಹಾರವಿಲ್ಲ, ಹಿಂಬಾಲಕರಿಲ್ಲ. ಒಂದು ಮಡಿಸುವ ಮೇಜು, ಒಂದು ಕಾಫಿ ಪಾತ್ರೆ, ನಾಲ್ಕು ಜನ ಸಾಲಿನಲ್ಲಿ. ಬರಿಗೈಯಲ್ಲಿ ಹೋಗಬಾರದೆಂದು ನಾನು ಒಂದು ಚೀಲ ಕಿತ್ತಳೆ ಹಿಡಿದಿದ್ದೆ. ಮೇಜಿನ ಹಿಂದೆ ಕೂತಿದ್ದ ಶಾಸಕಿ ಒಂದನ್ನು ತೆಗೆದುಕೊಂಡು ಉಳಿದದ್ದನ್ನು ಸಾಲಿನಲ್ಲಿದ್ದವರಿಗೆ ಹಂಚಿಬಿಟ್ಟರು.

"ನಂಗೆ ಇಲ್ಲಿ ಓಟಿಲ್ಲ ಅಂತ ಮೊದ್ಲೇ ಹೇಳ್ಬಿಡು" ಎಂದು ನಿಮ್ಮ ಅಮ್ಮನ ಕಿವಿಯಲ್ಲಿ ಹೇಳಿದೆ.

ಅವಳು ಹೇಳಿದಳು. ಆಕೆ ಏನೋ ಅಂದರು. "ಓಟಿನ ವಿಷ್ಯ ಕೇಳ್ಲಿಲ್ಲಮ್ಮ, ಮನೆ ಯಾವ ಬೀದೀಲಿ ಅಂತ ಕೇಳ್ತಿದಾರೆ."

ಬೀದಿಯ ಹೆಸರು ಹೇಳಿದೆವು. ನಕ್ಷೆಯಲ್ಲಿ ಬೆರಳಿಟ್ಟು ನೋಡಿ ಆಕೆ ತಲೆಯಾಡಿಸಿದರು. ಅಷ್ಟೇ ಬೇಕಾಗಿದ್ದುದು. ನಿಮ್ಮ ಅಮ್ಮ ಅರ್ಜಿಯನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಮೊದಲ ಸಾಲಿಗೇ ನಿಂತಳು. "ಸನ್ನಿಧಾನಕ್ಕೆ ಏನಂತಾರೆ ಅಮ್ಮ?" "ಬಿಟ್ಟು ಮುಂದಕ್ಕೋದು" ಎಂದೆ. ಶಾಸಕಿಯ ಪಕ್ಕದಲ್ಲಿದ್ದ, ಅವರ ಕಚೇರಿಯ ನಡುವಯಸ್ಸಿನ ಹೆಂಗಸು ಎಲ್ಲವನ್ನೂ ಬರೆದುಕೊಂಡರು. ಆ ರಸ್ತೆ ಊರಿನದಲ್ಲ, ರಾಜ್ಯದ್ದು, ಆದ್ದರಿಂದ ಕೇಳಬೇಕಾದವರು ತಾವೇ ಎಂದು ಶಾಸಕಿ ಹೇಳಿದರಂತೆ.

ಎರಡು ವಾರವಾದ ಮೇಲೆ ಅವರ ಕಚೇರಿಯಿಂದ ಕರೆ ಬಂತು. ನಿಮ್ಮ ಅಮ್ಮ ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋದಳು. ಕಚೇರಿ ಎಂದರೆ ಹಲ್ಲಿನ ಡಾಕ್ಟರು ಮತ್ತು ಬಟ್ಟೆ ಒಗೆಯುವ ಅಂಗಡಿಯ ನಡುವೆ ಎರಡು ಕೋಣೆ. ಬರೆದುಕೊಂಡಿದ್ದ ಹೆಂಗಸು ಫೈಲು ತೆರೆದು ಮಾತಾಡಿದರು, ನಿಮ್ಮ ಅಮ್ಮ ಕನ್ನಡದಲ್ಲಿ ಹೇಳುತ್ತಾ ಹೋದಳು.

"ಇವರೇ ಎರಡು ಮಧ್ಯಾಹ್ನ ವಾಚ್ ಹಿಡಕೊಂಡು ಆ ಸಿಗ್ನಲ್ ಹತ್ರ ನಿಂತಿದ್ರಂತೆ. ಶಾಲೆ ಮಕ್ಕಳು ಒಬ್ಬರೂ ದಾಟಲಿಲ್ವಂತೆ. ಅಲ್ಲಿ ಶಾಲೇನೇ ಇಲ್ಲ ಅಂತ." ನನ್ನ ಮುಖ ಬಿಸಿಯಾಯಿತು. ಆ ಹೆಂಗಸು ಮತ್ತೇನೋ ಹೇಳಿದರು. ನಿಮ್ಮ ಅಮ್ಮ ನನ್ನ ಕಡೆ ತಿರುಗಿದಳು. "ಆದ್ರೆ ಎರಡು ದಿನಾನೂ ಸೀರೆ ಉಟ್ಟ ಇಬ್ಬರು ಹೆಂಗಸರು ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಕೈ ಬೀಸ್ತಿದ್ರಂತೆ. ಅದರಲ್ಲಿ ಒಬ್ಬರು ನೀವಾ ಅಂತ ಕೇಳ್ತಿದಾರೆ. ನೀನಾ ಅಮ್ಮಾ?"

ನಾನು ನೆಲ ನೋಡಿದೆ. "ಹೂಂ."

ಅಷ್ಟರಲ್ಲಿ ಶಾಸಕಿ ಒಳಗಿನ ಕೋಣೆಯಿಂದ ಬಂದು ಕುರ್ಚಿ ಎಳೆದು ಕೂತರು. ಗೆಳತಿಯ ಹೆಸರೇನು ಎಂದು ಕೇಳಿದರು.

"ಗೊತ್ತಿಲ್ಲ" ಎಂದೆ.

"ಅಮ್ಮಾ! ಇಷ್ಟು ತಿಂಗಳಿಂದ ಮಾತಾಡ್ತೀಯ, ಹೆಸರು ಗೊತ್ತಿಲ್ವಾ?"

"ಅಕ್ಕ ಅಂತೀವಿ. ಹೆಸರು ಕೇಳೋಕೆ ನಾನೇನು ಪೊಲೀಸಾ?"

ನಿಮ್ಮ ಅಮ್ಮನಿಗೆ ನಗು ಬಂತು. ಅವಳು ಇಂಗ್ಲಿಷಿನಲ್ಲಿ ಹೇಳಿದಾಗ ಅವರೂ ನಕ್ಕರು. ಆ ನಗುವಿನಲ್ಲಿ ನನಗೆ ಸ್ವಲ್ಪ ಧೈರ್ಯ ಬಂತೋ ಏನೋ. ನೀವಿಬ್ಬರೂ ಏನು ಮಾತಾಡುತ್ತೀರಿ ಎಂದು ಆಕೆ ಕೇಳಿದರು.

"ಏನಿಲ್ಲ, ಇವತ್ತು ಸಾರಿಗೆ ಏನು ಹಾಕಿದ್ರಿ, ಅಂಥದ್ದೇ" ಎಂದೆ. ಸುಮ್ಮನಿರಬಹುದಿತ್ತು. ಇರಲಿಲ್ಲ. "ನೀವೆಲ್ಲ ಹೊರಟ ಮೇಲೆ ಸಂಜೆ ನಾಲ್ಕು ಗಂಟೆ ತನಕ ನಾನು ಬಾಯಿ ಬಿಡೋದೇ ಇಲ್ಲ. ಅಲ್ಲಿ ಹೋಗಿ ಆಡೋ ಮಾತೇ ದಿನದ ಮೊದಲನೇ ಮಾತು. ಈಗ ಅದೂ ಇಲ್ಲ."

ನಿಮ್ಮ ಅಮ್ಮ ಅದನ್ನು ಇಂಗ್ಲಿಷಿಗೆ ಹೇಳಲಿಲ್ಲ. ಕೈಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು. ಆಮೇಲೆ ಅವಳು ಸಣ್ಣ ದನಿಯಲ್ಲಿ ಒಂದೇ ಒಂದು ವಾಕ್ಯ ಹೇಳಿದಳು. ಅವಳು ಏನು ಹೇಳಿದಳೆಂದು ನಾನು ಇವತ್ತಿಗೂ ಕೇಳಿಲ್ಲ. ಶಾಸಕಿ ನನ್ನ ಮುಂದೆ ಒಂದು ಫಾರಂ ಇಟ್ಟರು. ಏನು ತೊಂದರೆ ಎಂದು ಬರೆಯಲು ಎರಡು ಗೆರೆ ಜಾಗ. "ನಿನ್ನ ಮಾತಿನಲ್ಲೇ ಬರೀಬೇಕಂತೆ" ಎಂದಳು ನಿಮ್ಮ ಅಮ್ಮ. ನಾನು ಕನ್ನಡದಲ್ಲಿ ಬರೆದೆ: ನನಗೆ ರಸ್ತೆಯ ಆಚೆ ಒಬ್ಬ ಗೆಳತಿ ಇದ್ದಾರೆ. ಅರ್ಧ ದಾಟುವಷ್ಟರಲ್ಲಿ ದೀಪ ಆರುತ್ತದೆ. ಅದರ ಕೆಳಗೆ ನಿಮ್ಮ ಅಮ್ಮ ಇಂಗ್ಲಿಷಿನಲ್ಲಿ ಬರೆದಳು. ನಿಮ್ಮ ತಾತ ನೋಡಿದ್ದರೆ ಇಂಥ ಅರ್ಜಿಯಿಂದ ಒಂದು ಗುಂಡಿಯೂ ಮುಚ್ಚುವುದಿಲ್ಲ ಎನ್ನುತ್ತಿದ್ದರು.

ಹಿಂದಿರುಗುವಾಗ ಕಾರಿನಲ್ಲಿ ಅವಳು, "ನಂಗ್ಯಾಕೆ ಹೇಳ್ಲಿಲ್ಲಮ್ಮ?" ಎಂದಳು.

"ನೀನು ಸುಸ್ತಾಗಿ ಬರ್ತೀಯಲ್ಲೇ."

ಮಾರನೆಯ ದಿನದಿಂದ ಮಧ್ಯಾಹ್ನ ಲ್ಯಾಬಿನಿಂದ ಫೋನು ಮಾಡತೊಡಗಿದಳು. ಹಿಂದೆ ಯಾವುದೋ ಯಂತ್ರದ ಸದ್ದು. "ಊಟ ಆಯ್ತಾಮ್ಮ?" "ಆಯ್ತು." ಎರಡು ನಿಮಿಷ.

ಇಲಾಖೆಯ ಕೆಲಸ ಎಲ್ಲೂ ಬೇಗ ಆಗುವುದಿಲ್ಲ. ಶಾಸಕಿ ಬರೆದರು, ಇಲಾಖೆ ಉತ್ತರಿಸಿತು, ಆಕೆ ಮತ್ತೆ ಬರೆದರು. ಪ್ರತಿಯೊಂದರ ನಕಲು ನಮಗೆ ಬರುತ್ತಿತ್ತು. ಅಷ್ಟರಲ್ಲಿ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ಊಟದ ಹೊತ್ತಿನಲ್ಲಿ ನಿಮ್ಮ ಅಪ್ಪ ದಿನಾ ಒಂದು ಹೊಸ ಹೆಸರು ಹೇಳುತ್ತಿದ್ದರು.

ಒಂದು ದಿನ ನಾಲ್ಕು ಗಂಟೆಗೆ ಆಚೆ ಕಂಬದ ಹತ್ತಿರ ಅವರು ಎಂದಿನಂತೆ ಕೈ ಬೀಸಲಿಲ್ಲ. ಕೈಯನ್ನು ಆಕಾಶದ ಕಡೆ ಎತ್ತಿ ತೋರಿಸಿದರು, ಮತ್ತೆ ಮತ್ತೆ. ಅವತ್ತು ಮಂಜು ಇಳಿಯುತ್ತಿತ್ತು. ಚಳಿಯ ಮಾತೆಂದುಕೊಂಡು ನಾನೂ ಸೆರಗು ಹೊದ್ದು ನಡುಗಿ ತೋರಿಸಿದೆ. ಅವರು ಕೈ ಮುಗಿದರು. ನಾನೂ ಮುಗಿದೆ. ನಡುವೆ ಒಂದು ದೊಡ್ಡ ಲಾರಿ ಹಾದುಹೋಯಿತು, ಆಮೇಲೆ ನೋಡಿದರೆ ಅವರು ತಳ್ಳುಗಾಡಿ ತಿರುಗಿಸಿದ್ದರು.

ಮರುದಿನ ಬರಲಿಲ್ಲ. ಮೂರನೆಯ ದಿನವೂ ಇಲ್ಲ. ಶನಿವಾರ ನಿಮ್ಮ ಅಮ್ಮ ಹೋಗಿ ವಿಚಾರಿಸಿ ಬಂದಳು. ಮಗನ ಕಂಪನಿ ಮುಚ್ಚಿತಂತೆ, ಕೆಲಸ ಹೋದ ಮೇಲೆ ವೀಸಾ ಉಳಿಯುವುದಿಲ್ಲವಂತೆ, ಎಲ್ಲರೂ ಊರಿಗೆ ಹೊರಟುಹೋದರಂತೆ. ಅವರು ತೋರಿಸಿದ್ದು ವಿಮಾನವನ್ನು. ಮಂಡ್ಯದ ಯಾವ ಹಳ್ಳಿ ಎಂದು ನನಗೆ ಗೊತ್ತಿರಲಿಲ್ಲ. ಹೆಸರಿಲ್ಲದೆ ಯಾರನ್ನು ಕೇಳುವುದು?

ಒಂದು ತಿಂಗಳಾದ ಮೇಲೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಇಲಾಖೆಯವರು ಬಂದು ಸಿಗ್ನಲ್ಲಿನ ಪೆಟ್ಟಿಗೆ ತೆರೆದು ಏನೋ ಮಾಡಿ ಹೋದರು. ಆಣೆಯನ್ನು ಹಿಂದಕ್ಕೆ ತೆಗೆದುಕೊಂಡೆ ಎಂದಳು ನಿಮ್ಮ ಅಮ್ಮ. ನಾನು ನಾಲ್ಕು ಗಂಟೆಗೆ ಹೋಗಿ ಗುಂಡಿ ಒತ್ತಿ ದಾಟಿದೆ. ಅವಸರ ಮಾಡಲಿಲ್ಲ. ಆಚೆಯ ಕಂಬ ಮುಟ್ಟಿದಾಗಲೂ ದೀಪ ಉರಿಯುತ್ತಿತ್ತು. ಬೆಂಚಿನವರೆಗೆ ನಡೆದೆ, ಕೂರಲಿಲ್ಲ.

ಆ ವಾರವೇ ಕಚೇರಿಯ ಹೆಂಗಸು ಸಂಜೆ ಮನೆಗೆ ಫೋನು ಮಾಡಿದರು. ನಿಮ್ಮ ಅಮ್ಮ ರಿಸೀವರಿಗೆ ಕೈ ಮುಚ್ಚಿ ಕೇಳಿದಳು. "ಫೈಲು ಮುಚ್ಚಬಹುದಾ ಅಂತ ಕೇಳ್ತಿದಾರೆ. ನಿಮ್ಮ ಗೆಳತಿ ಹೇಗಿದಾರೆ ಅಂತಾನೂ ಕೇಳ್ತಿದಾರೆ. ಏನ್ ಹೇಳ್ಲಮ್ಮ?"

ವಾಚ್ ಹಿಡಿದು ಎರಡು ಮಧ್ಯಾಹ್ನ ನಿಂತವರು ಅವರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ನಿಜ ಹೇಳಿ ಅವರ ಕೆಲಸವನ್ನು ಹಾಳು ಮಾಡಲೂ ಮನಸ್ಸು ಬರಲಿಲ್ಲ.

"ಈಗ ದಾಟಬಹುದು ಅಂತ ಹೇಳು."

"ಅಷ್ಟೇನಾ?"

"ಅಷ್ಟೇ."

ಈಗ ಆ ದೀಪದಲ್ಲಿ ಬೇರೆಯವರು ದಾಟುತ್ತಾರೆ. ಊರುಗೋಲಿನ ಚೀನೀ ಮುದುಕರೊಬ್ಬರು, ಒಗೆಯಬೇಕಾದ ಬಟ್ಟೆಯ ಗಾಡಿ ಎಳೆಯುವ ಹೆಂಗಸೊಬ್ಬಳು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತೇನೆ. ಹೋಗಿ ಮಾತಾಡಿಸಿಲ್ಲ.

ಮಕ್ಕಳೇ, ನಿಮಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ. ದೊಡ್ಡವರಾದ ಮೇಲೆ ನಿಮ್ಮ ಅಮ್ಮನಿಂದ ಇದನ್ನು ಓದಿಸಿ ಕೇಳಿ. ಕಚೇರಿಯ ಭಾಗ ಬಂದಾಗ ಅವಳು ಹಾರಿಸಿ ಓದಬಹುದು, ಬಿಡಬೇಡಿ. ಅವಳಿಗೆ ಮನೆ ಒಪ್ಪ ಮಾಡುವಾಗ ಕಾಗದ ಎಸೆಯುವ ಅಭ್ಯಾಸವಿದೆ. ಆದ್ದರಿಂದ ಓದಿ ಮುಗಿದ ಮೇಲೆ ಈ ಹಾಳೆಗಳು ಅವಳ ಹತ್ತಿರ ಬೇಡ, ನಿಮ್ಮ ಶಾಲೆಯ ಸರ್ಟಿಫಿಕೇಟುಗಳ ಜೊತೆ ನೀವೇ ಜೋಪಾನವಾಗಿ ಇಟ್ಟುಕೊಳ್ಳಿ.