ಚಳಿಗಾಲದ ಅರ್ಧ ಗಂಟೆ

ಸಬೀನಾ ವಾರಾಚಿ ನಮ್ಮ ಶಾಲೆಯ ಗೇಟು ಕಾಯಲು ಸೇರಿದಾಗ ಅವಳಿಗೆ ಮೂವತ್ತೊಂದು ವರ್ಷ. ಕೆಲಸ ಬಿಟ್ಟಾಗ ಐವತ್ತೆಂಟು. ಓದು ಎರಡನೆಯ ತರಗತಿಗೇ ನಿಂತಿತ್ತು. ಎತ್ತರದ, ಚಳಿಗಾಳಿಯ ಓರುರೊ ಬಯಲಿನ ಆ ಶಾಲೆಗೆ ನಾನು ಹದಿನಾಲ್ಕು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಮಕ್ಕಳ ವಿಷಯದಲ್ಲಿ ನನಗಿಂತ ಅವಳಿಗೆ ಹೆಚ್ಚು ತಿಳಿದಿತ್ತು. ಅದನ್ನು ಒಪ್ಪಿಕೊಳ್ಳಲು ನಾನು ತಡಮಾಡಿದೆ.

ಗೇಟಿನ ಪಕ್ಕದ ಕೋಣೆ ಅವಳದು. ಅಲ್ಲಿ ಬೆಳಗಿನಿಂದಲೇ ಲಾಮಾ ಪ್ರಾಣಿಯ ಒಣಹಿಕ್ಕೆಯ ಒಲೆ ಉರಿಯುತ್ತಿತ್ತು. ದೂರದ ಹಟ್ಟಿಗಳಿಂದ ನಡೆದು ಬಂದ ಮಕ್ಕಳು ಮೊದಲು ನುಗ್ಗುತ್ತಿದ್ದುದು ಅಲ್ಲಿಗೆ. ನೇರಳೆ ಜೋಳದ ಬಿಸಿ ಆಪಿಯನ್ನು ಒಂದೇ ಲೋಟದಲ್ಲಿ ಸರದಿಯಂತೆ ಕುಡಿಸುತ್ತಿದ್ದಳು.

"ಕೈ ಚಾಚೋ ಕಪ್ಪೆ! ಬೆರಳೆಲ್ಲ ಇದೆಯೋ, ದಾರೀಲಿ ಉದುರಿಸ್ಕೊಂಡು ಬಂದ್ಯೋ?"

ಪೆನ್ಸಿಲ್ ಹಿಡಿಯುವಷ್ಟು ಬೆರಳು ಬಿಸಿಯಾಗುವ ತನಕ ಅವಳು ಯಾರನ್ನೂ ತರಗತಿಗೆ ಬಿಡುತ್ತಿರಲಿಲ್ಲ. ತಡವಾಗಿ ಬಂದವರು ಇದರಿಂದ ಇನ್ನೂ ತಡವಾಗುತ್ತಿದ್ದರು.

ಒಂದು ವರ್ಷ, ಶಾಲೆಯನ್ನು ಮಕ್ಕಳಿಗೆ ಹಿತವಾದ ತಾಣವಾಗಿಸುವುದು ಹೇಗೆಂದು ಯೋಜನೆ ಬರೆದುಕೊಡಲು ಜಿಲ್ಲಾ ಕಚೇರಿ ಕೇಳಿತು. ಹನ್ನೆರಡು ಪುಟ ಬರೆದೆ. ಸಮಯದ ಶಿಸ್ತು ಮಗುವಿಗೆ ಭದ್ರತೆ ಕೊಡುತ್ತದೆ, ಆದ್ದರಿಂದ ಗಂಟೆ ಬಾರಿಸಿದೊಡನೆ ಗೇಟಿಗೆ ಬೀಗ ಎಂಬುದು ಅದರಲ್ಲಿ ಐದನೆಯ ಅಂಶ.

"ಚಿಕ್ಕವರಿಗೂ ತೆಗೀಬಾರ್ದಾ ಡೈರೆಕ್ಟರಮ್ಮ?" ಎಂದಳು ಸಬೀನಾ.

"ಚಿಕ್ಕವರಿಗೇ ಮೊದಲು ಕಲಿಸ್ಬೇಕು. ತೆಗೆದದ್ದು ಕಂಡ್ರೆ ಬೇರೆಯವರನ್ನ ಇಟ್ಕೋತೀನಿ."

"ಆಯ್ತು. ಗಾಳಿಗೂ ಒಂದು ಮಾತು ಹೇಳ್ಬಿಡಿ, ಗಂಟೆ ಹೊಡೆದ್ಮೇಲೆ ಬೀಸ್ಬೇಡ ಅಂತ."

ನಾನು ನಗಲಿಲ್ಲ. ಅವಳು ಗಂಡ ಸತ್ತವಳು, ಇಬ್ಬರು ಮಕ್ಕಳು, ಕೆಲಸ ಕಳೆದುಕೊಳ್ಳುವಂತಿರಲಿಲ್ಲ. ಬೀಗ ಹಾಕತೊಡಗಿದಳು.

ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ, ಚಳಿಯ ತಿಂಗಳುಗಳಲ್ಲಿ, ಶಾಲೆ ಅರ್ಧ ಗಂಟೆ ತಡವಾಗಿ, ಎಂಟೂವರೆಗೆ ಶುರುವಾಗುತ್ತದೆ. ಆಗಸ್ಟ್ ಕೊನೆಯ ಸೋಮವಾರದಿಂದ ಮತ್ತೆ ಎಂಟಕ್ಕೆ ಎಂದು ಶುಕ್ರವಾರ ಮಕ್ಕಳ ಕೈಯಲ್ಲಿ ಚೀಟಿ ಕಳಿಸಿದೆವು. ಒಂದನೆಯ ತರಗತಿಯ ಲಿಡಿಯಾ ಕೋಲ್ಕೆ ಅಜ್ಜಿಯ ಜೊತೆ ಇದ್ದಳು. ಅಜ್ಜಿ ಫೋರ್ತುನಾತಾಗೆ ಓದು ಬಾರದು. ಕುರಿದೊಡ್ಡಿಯ ಗೋಡೆಯ ಮೇಲೆ ಬಿಸಿಲು ಒಂದು ಕಲ್ಲು ಮುಟ್ಟಿದಾಗ ಮಗುವನ್ನು ಹೊರಡಿಸುತ್ತಿದ್ದಳು. ಆ ಸೋಮವಾರವೂ ಹಾಗೆಯೇ ಮಾಡಿದಳು.

ಮಗು ಬಂದಾಗ ಎಂಟು ಇಪ್ಪತ್ತು. ಅಂಗಳದಲ್ಲಿ ಧ್ವಜವಂದನೆ ನಡೆದಿತ್ತು. ತಪಾಸಣಾಧಿಕಾರಿ ನನ್ನ ಪಕ್ಕದಲ್ಲಿದ್ದರು. ಸಬೀನಾ ಬೀಗದ ಕೈ ಹಿಡಿದು ನನ್ನ ಕಡೆ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ.

"ಮನೆಗೆ ಹೋಗು ಪುಟ್ಟಿ. ನಾಳೆ ಬೇಗ ಬಾ," ಎಂದಳು ಸಬೀನಾ, ಕಂಬಿಗಳ ನಡುವಿನಿಂದ.

ಮಗು ಮನೆಗೆ ಹೋಗಲಿಲ್ಲ. ಅಜ್ಜಿ ಹೊಡೆಯುತ್ತಾಳೆಂದು ಹೆದರಿತ್ತು. ಶಾಲೆಯ ಹಿಂದಿನ ಗೋಡೆಗೆ, ಗಾಳಿ ಬೀಸುವ ಕಡೆಯೇ, ಆನಿಕೊಂಡು ಕುಳಿತಿತ್ತು. ಹನ್ನೆರಡೂವರೆಗೆ ಬೂದಿ ಚೆಲ್ಲಲು ಹೋದ ಸಬೀನಾಗೆ ಸಿಕ್ಕಿತು. ತುಟಿ ನೀಲಿಗಟ್ಟಿತ್ತು, ಕೂತಲ್ಲೇ ಒದ್ದೆ ಮಾಡಿಕೊಂಡಿತ್ತು. ಶ್ವಾಸಕೋಶಕ್ಕೆ ಸೋಂಕು ತಗಲಿ ನಲವತ್ತು ದಿನ ಆಸ್ಪತ್ರೆಯಲ್ಲಿ ಮಲಗಿತು. ಬದುಕಿತು.

ಮರುದಿನದಿಂದ ಸಬೀನಾ ಬೀಗ ಹಾಕಲಿಲ್ಲ. ಏಕೆಂದು ನಾನು ಕೇಳಲಿಲ್ಲ. ನನ್ನ ಯೋಜನೆಗೆ ಜಿಲ್ಲೆಯ ಪ್ರಶಂಸಾಪತ್ರ ಬಂತು.

ಮಗು ಹಟ್ಟಿಗೆ ಮರಳಿದ ಮೇಲೆ ಸಬೀನಾ ಪ್ರತಿ ಭಾನುವಾರ ಒಂದು ಗಂಟೆ ನಡೆದು ಅಲ್ಲಿಗೆ ಹೋಗತೊಡಗಿದಳು. ಏಳನೆಯ ಭಾನುವಾರ ನಾನೂ ಹೋದೆ. ಅಜ್ಜಿ ನನ್ನ ಕಡೆ ಕಣ್ಣೆತ್ತಲಿಲ್ಲ.

"ಕಳಿಸವ್ವ. ನಾನೇ ಬಂದು ಕರ್ಕೊಂಡ್ಹೋಗ್ತೀನಿ, ನಾನೇ ತಂದು ಬಿಡ್ತೀನಿ," ಎಂದಳು ಸಬೀನಾ.

"ಬೀಗ ಹಾಕಿದ್ಯಾರು?"

"ನಾನೇ."

"ಈ ಓದಿದಮ್ಮ ಹೇಳಿದ್ಲಂತಲ್ಲ?"

"ಹೇಳಿದ್ದು ಅವ್ರು. ಕೈ ನಂದು."

"ಒಂದು ಕುರಿ ಹಿಂದೆ ಬಿದ್ರೂ ನಾನು ದೊಡ್ಡಿ ಮುಚ್ಚಲ್ಲ ಕಣೇ. ನನಗೆ ಅಕ್ಷರ ಬರಲ್ಲ, ನೋಡು. ನಿಮ್ಮಲ್ಲಿ ಅದೇನು ಕಲಿಸ್ತೀರೋ, ಅದು ನಮ್ಮ ಮಗೂಗೆ ಬೇಡ."

ಲಿಡಿಯಾ ಸ್ವಲ್ಪ ದೂರದಲ್ಲಿ ಕುರಿಗಳ ನಡುವೆ ನಿಂತು ಕೆಮ್ಮುತ್ತಿದ್ದಳು. ಸಬೀನಾ ಕೈಬೀಸಿ ಕರೆದಳು. ಹುಡುಗಿ ಹಿಂಡನ್ನು ಹೊಡೆದುಕೊಂಡು ಇನ್ನೂ ದೂರ ಹೋದಳು.

ಸಬೀನಾ ಆ ವರ್ಷ ಪೂರ್ತಿ ಹೋದಳು, ಮರುವರ್ಷವೂ ಹೋದಳು. ಲಿಡಿಯಾ ಮತ್ತೆ ಶಾಲೆಗೆ ಬರಲಿಲ್ಲ. ಈಗ ಅವಳಿಗೆ ಇಪ್ಪತ್ತೆರಡು. ಕಳೆದ ಜನಗಣತಿಯಲ್ಲಿ ಹೆಬ್ಬೆಟ್ಟು ಒತ್ತಿದಳಂತೆ.